ಮೊದಲು ಕುತ್ತಿಗೆ

ಗಡಿಬಿಡಿರಾಯರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆ ಹೆಸರಿಗೆ ತಕ್ಕಂತೆ ಅವರು ಒಂದು ದಿನವೂ ನಡೆದುಕೊಳ್ಳಲಿಲ್ಲವಾದ್ದರಿಂದ ಬೀದಿಯವರು ಅದನ್ನು ವಾಪಸು ಪಡೆದು ಈ ಹೆಸರನ್ನು ದಯಪಾಲಿಸಿದ್ದರು. ರಾಯರಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಹೆಸರು ಏನಾದರೂ ಇರಲಿ, ಮನುಷ್ಯನಿಗೆ ಒಂದು ಸಿದ್ಧಾಂತ ಇರಬೇಕು ಎನ್ನುವವರು ಅವರು. ಅವರ ಸಿದ್ಧಾಂತ ಇಷ್ಟೇ: ಸಾಲು ಎಲ್ಲಿ ಚಿಕ್ಕದೋ ಅಲ್ಲಿ ನಿಲ್ಲು.

ಈ ಸಿದ್ಧಾಂತದಿಂದ ಆದ ಲಾಭಗಳು ಬೀದಿಗೆಲ್ಲ ಗೊತ್ತಿದ್ದವು. ಒಮ್ಮೆ ರೈಲು ಟಿಕೆಟ್ ತರಲು ಹೋಗಿ, ಟ್ರಂಕು ಕಳೆದುಹೋಗಿದೆಯೆಂದು ದೂರು ಕೊಟ್ಟು ಬಂದಿದ್ದರು. ಟ್ರಂಕು ಆಗ ಮನೆಯಲ್ಲಿ ಮಂಚದ ಕೆಳಗೇ ಇತ್ತು. ಇನ್ನೊಮ್ಮೆ ಬ್ಯಾಂಕಿನಿಂದ ದುಡ್ಡು ತರಲು ಹೋದವರು ಮುಖ ಬಿಳಿಚಿಕೊಂಡು, ಕೈಯಲ್ಲೊಂದು ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದರು. ಪಕ್ಕದ ಕೋಣೆಯಲ್ಲಿ ರಕ್ತದಾನ ನಡೆಯುತ್ತಿತ್ತಂತೆ, ಅಲ್ಲಿ ಸಾಲೇ ಇರಲಿಲ್ಲವಂತೆ. "ದುಡ್ಡೆಲ್ಲಿ?" ಎಂದು ಹೆಂಡತಿ ಕೇಳಿದ್ದಕ್ಕೆ, "ಅವರು ಕೊಡೋ ಬದಲು ತಗೊಂಡ್ರು ಕಣೇ," ಎಂದು ಹೇಳಿ ಮಲಗಿಬಿಟ್ಟರು.

ಇಂಥ ರಾಯರು ಬೂಟಿನ ಕಾರ್ಖಾನೆಯಲ್ಲಿ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುತ್ತಿದ್ದರು. ಬದುಕಿನಲ್ಲಿ ಅವರು ನೆಟ್ಟಗೆ ಮಾಡಿದ ಕೆಲಸ ಅದೊಂದೇ. ಅವರು ಅಂಟಿಸಿದ ಲೇಬಲ್ಲು ಸೊಟ್ಟಗಿದ್ದದ್ದನ್ನು ಕಂಡವರಿಲ್ಲ. ಆದರೆ ಒಂದು ಬೆಳಗ್ಗೆ ಕಾರ್ಖಾನೆಗೆ ಲೇಬಲ್ ಅಂಟಿಸುವ ಯಂತ್ರ ಬಂತು. ಮ್ಯಾನೇಜರು ಅದರ ಬೆನ್ನು ಸವರುತ್ತ ಎಲ್ಲರನ್ನೂ ಕರೆದು ಹೇಳಿದರು:

"ಇದು ಊಟಕ್ಕೆ ಹೋಗಲ್ಲ, ರಜ ಕೇಳಲ್ಲ. ಹಾಗಂತ ನಿಮ್ಮನ್ನ ಬೀದಿಗೆ ಹಾಕೋ ಮನಸ್ಸು ನನಗಿಲ್ಲ. ವರ್ಷ ಮುಗಿಯೋದ್ರೊಳಗೆ ಯಾವುದಾದರೂ ಒಂದು ಕಸುಬಿನ ಸರ್ಟಿಫಿಕೇಟ್ ತನ್ನಿ. ತಂದವರಿಗೆ ಇಲ್ಲೇ ಬೇರೆ ಜಾಗ ಕೊಡ್ತೀನಿ. ತರದೇ ಇದ್ದವರಿಗೆ ಗೇಟ್ ಎಲ್ಲಿದೆ ಅಂತ ಗೊತ್ತೇ ಇದೆ."

ರಾಯರು ಜೋಲುಮೋರೆ ಹಾಕಿಕೊಂಡು ಮನೆಗೆ ಬಂದರು. ಮನೆಯಲ್ಲಿ ಮಾವನವರಿದ್ದರು. ಅವರು ನಿವೃತ್ತ ಹೆಡ್‌ಮಾಸ್ಟರು. ನಿವೃತ್ತಿಯಾದದ್ದು ಶಾಲೆಗೆ ಮಾತ್ರ, ಅವರಿಗಲ್ಲ. ಮಗಳ ಮನೆಗೆ ವಾರದ ಮಟ್ಟಿಗೆಂದು ಬಂದವರು ಅಳಿಯನ ಶಿಸ್ತು ನೋಡಿ ದಿಗಿಲುಬಿದ್ದು ಅಲ್ಲೇ ಉಳಿದುಬಿಟ್ಟಿದ್ದರು. ಮನೆಗೆ ಯಾರೇ ಬರಲಿ, "ನನ್ನ ಇಬ್ಬರು ಅಳಿಯಂದಿರು ಪದವೀಧರರು. ಮೂರನೆಯವರು ಲೇಬಲ್ಲು," ಎಂದು ಪರಿಚಯ ಮಾಡಿಕೊಡುತ್ತಿದ್ದರು. ಈಗ ಆ ಲೇಬಲ್ಲೂ ಕಿತ್ತುಹೋಗುವ ಹೊತ್ತು ಬಂದಿತ್ತು.

ಆದರೆ ಮಾವನವರು ಸುದ್ದಿ ಕೇಳಿ ಕುರ್ಚಿಯಿಂದ ಎದ್ದು ನಿಂತರು. ಅವರ ಕಣ್ಣು ಹೊಳೆಯುತ್ತಿತ್ತು.

"ಅಳಿಯಂದಿರೇ, ಇದು ಕಷ್ಟವಲ್ಲ, ಅದೃಷ್ಟ. ಪೇಟೆ ಬೀದಿಯ ತರಬೇತಿ ಕೇಂದ್ರದಲ್ಲಿ ಎಲೆಕ್ಟ್ರಿಷಿಯನ್ ಕೋರ್ಸ್ ಸೇರಿ. ಸರ್ಟಿಫಿಕೇಟ್ ಬಂದ್ರೆ ಕೆಲಸ ಉಳಿಯುತ್ತೆ. ಅಷ್ಟೇ ಅಲ್ಲ, ಅದೇ ಸರ್ಟಿಫಿಕೇಟ್ ಹಿಡ್ಕೊಂಡು ವಿಶ್ವವಿದ್ಯಾಲಯಕ್ಕೂ ಹೋಗಬಹುದು. ಹೊಸ ನಿಯಮ. ನಾನು ಪೇಪರಲ್ಲಿ ಓದಿದೀನಿ."

"ವಿಶ್ವವಿದ್ಯಾಲಯಕ್ಕೆ ನಾನಾ?" ಎಂದರು ರಾಯರು. ಅವರು ಹೈಸ್ಕೂಲಿನ ಕೊನೆಯ ಪರೀಕ್ಷೆಗೆ ಹೋದಾಗಲೂ ಸಾಲು ಚಿಕ್ಕದೆಂದು ಪಕ್ಕದ ಶಾಲೆಯಲ್ಲಿ ಕೂತು, ಬೇರೆ ವಿಷಯದ ಪರೀಕ್ಷೆ ಬರೆದು ಬಂದಿದ್ದರು.

"ನೀವೇ. ಮೊದಲು ವೈರು, ಆಮೇಲೆ ಎಂಜಿನಿಯರು."

ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಮಾವನವರು ಕುಲಾವಿಯ ಜೊತೆಗೆ ಕಾಲುಚೀಲವನ್ನೂ ಹೊಲಿಸುವವರು. ಸಂಜೆಯೊಳಗೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಗಡಿಬಿಡಿರಾಯರು ಎಂಜಿನಿಯರ್ ಆಗುತ್ತಿದ್ದಾರೆಂದು ಎಲ್ಲರಿಗೂ ಗೊತ್ತಾಯಿತು. ಬೀದಿಯವರು ತಮ್ಮ ತಮ್ಮ ಮನೆಯ ಸ್ವಿಚ್ಚುಗಳನ್ನು ಆತಂಕದಿಂದ ನೋಡಿಕೊಂಡರು.

ಮರುದಿನ ರಾಯರು ತರಬೇತಿ ಕೇಂದ್ರಕ್ಕೆ ಹೋದರು. ಎಲೆಕ್ಟ್ರಿಷಿಯನ್ ಕಿಟಕಿಯ ಮುಂದಿನ ಸಾಲು ಮೆಟ್ಟಿಲಿಳಿದು, ಅಂಗಳ ಸುತ್ತಿ, ಸೈಕಲ್ ನಿಲ್ಲಿಸುವ ಜಾಗ ದಾಟಿ ಗೇಟಿನ ಹೊರಗೆ ಬಂದಿತ್ತು. ಅದರ ಪಕ್ಕದ ಕಿಟಕಿಯ ಮುಂದೆ ಇಬ್ಬರೇ ಹೆಂಗಸರು. ರಾಯರು ಯೋಚಿಸಿದರು. ಕಟ್ಟಡ ಒಂದೇ, ಸೀಲು ಒಂದೇ, ಎಲ್ಲ ಕಿಟಕಿಯೂ ಅದೇ ಕೋಣೆಗೆ ತಾನೇ ತೆರೆಯುವುದು? ಗೇಟಿನ ಹೊರಗೆ ಬಿಸಿಲಿಗೆ ಬೇಯುತ್ತಿದ್ದ ಜನರ ದಡ್ಡತನಕ್ಕೆ ಮರುಕಪಟ್ಟು, ಅವರು ಇಬ್ಬರು ಹೆಂಗಸರ ಹಿಂದೆ ಹೋಗಿ ನಿಂತರು.

ಕಿಟಕಿಯ ಒಳಗಿದ್ದ ಗುಮಾಸ್ತ ತಲೆ ಎತ್ತಿ ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದ.

"ನೀವೇ ಸೇರೋದಾ?"

"ನಾನೇ."

"ಒಳ್ಳೇದು. ಗಂಡಸರೂ ಮುಂದೆ ಬರಬೇಕು. ಕೈ ತೋರಿಸಿ. ಉಗುರು ಕತ್ತರಿಸಿದೀರಾ?"

ಕರೆಂಟಿನ ಕೆಲಸಕ್ಕೆ ಉಗುರು ಇರಬಾರದೇನೋ ಎಂದುಕೊಂಡು ರಾಯರು ಕೈ ತೋರಿಸಿದರು.

"ತಾಳ್ಮೆ ಇದೆಯಾ? ರಾತ್ರಿ ನಿದ್ದೆಗೆಡೋಕೆ ಆಗುತ್ತಾ?"

"ಕರೆಂಟ್ ಹೋಗೋದು ರಾತ್ರಿನೇ ಅಲ್ವಾ," ಎಂದರು ರಾಯರು. ಗುಮಾಸ್ತನಿಗೆ ಅರ್ಥವಾಗಲಿಲ್ಲ. ಆದರೆ ಊಟದ ಹೊತ್ತಾಗಿತ್ತು. ಅವನು ಸೀಲು ಒತ್ತಿದ.

ತರಗತಿ ಶುರುವಾದ ದಿನ ರಾಯರು ಹೊಸ ಕಟಿಂಗ್ ಪ್ಲೇಯರು, ಸ್ಕ್ರೂಡ್ರೈವರು ಹಾಕಿಕೊಂಡ ಕ್ಯಾನ್ವಾಸ್ ಬ್ಯಾಗು ಹಿಡಿದು ಕೋಣೆಯೊಳಗೆ ಹೋದರು. ಒಳಗೆ ಹೆಂಗಸರೇ ತುಂಬಿದ್ದರು. ಮೇಜುಗಳ ಮೇಲೆ ಸಾಲಾಗಿ ರಬ್ಬರಿನ ಎಳೆಮಕ್ಕಳು ಮಲಗಿದ್ದವು. ಶಾಕ್ ಹೊಡೆದವರಿಗೆ ಮಾಡುವ ಪ್ರಥಮ ಚಿಕಿತ್ಸೆ ಇರಬೇಕು, ಆದರೆ ಇಷ್ಟು ಸಣ್ಣ ಮಕ್ಕಳಿಗೆ ಶಾಕ್ ಹೊಡೆಯುವಂತೆ ಬಿಟ್ಟವರು ಯಾರು ಎಂದು ಅವರಿಗೆ ಸಿಟ್ಟು ಬಂತು.

"ಮೇಡಂ, ಇದಕ್ಕೆ ಸ್ವಿಚ್ ಎಲ್ಲಿ?" ಎಂದು ಕೇಳಿದರು.

"ಬೆನ್ನ ಮೇಲೆ," ಎಂದರು ತರಬೇತಿ ಮೇಡಂ. "ಬ್ಯಾಟರಿನೂ ಅಲ್ಲೇ. ಹಾಕಿದ್ರೆ ನಿಜವಾದ ಮಗು ಹಾಗೇ ಅಳುತ್ತೆ. ತೂಕಾನೂ ನಿಜವಾದ ಮಗೂದೇ. ಕುತ್ತಿಗೆ ಮಾತ್ರ ಸಡಿಲ. ಎತ್ತೋ ಮುಂಚೆ, ತಿರುಗಿಸೋ ಮುಂಚೆ, ಮಲಗಿಸೋ ಮುಂಚೆ, ಎಲ್ಲರೂ ಹೇಳಿ, ಮೊದಲು?"

"ಕುತ್ತಿಗೆ," ಎಂದರು ಹೆಂಗಸರೆಲ್ಲ.

ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಶಿಶುಪಾಲನಾ ತರಬೇತಿ ಎಂದು ಬರೆದಿತ್ತು. ರಾಯರು ಅದನ್ನು ಎರಡು ಸಲ ಓದಿದರು. ಎರಡು ಸಲವೂ ಅದೇ ಇತ್ತು.

ಅವರು ಓಡಿ ಕಿಟಕಿಗೆ ಹೋದರು. ಗುಮಾಸ್ತ, "ಒಂದ್ಸಲ ಸೀಲ್ ಬಿದ್ರೆ ಬಿತ್ತು. ಬದಲಾಯಿಸ್ಬೇಕಾದ್ರೆ ಮುಂದಿನ ವರ್ಷ ಬನ್ನಿ," ಎಂದ. ಮುಂದಿನ ವರ್ಷದ ಹೊತ್ತಿಗೆ ಯಂತ್ರ ಲೇಬಲ್ ಅಂಟಿಸುತ್ತಿರುತ್ತದೆ, ರಾಯರು ಗೇಟಿನ ಹೊರಗಿರುತ್ತಾರೆ. ಯಾವುದಾದರೂ ಒಂದು ಕಸುಬು ಎಂದಿದ್ದರು ಮ್ಯಾನೇಜರು. ಇದೂ ಕಸುಬೇ. ಆದರೆ ಮನೆಯಲ್ಲಿ ಹೇಳುವುದು ಹೇಗೆ? ಎಂಜಿನಿಯರ್ ಅಳಿಯನ ಕನಸು ಕಾಣುತ್ತಿರುವ ಮಾವನಿಗೆ, ನಾನು ಚಡ್ಡಿ ಬದಲಾಯಿಸುವುದನ್ನು ಕಲಿಯುತ್ತಿದ್ದೇನೆ ಎಂದು ಹೇಳುವ ಎದೆ ಯಾರಿಗಿದೆ? ನುಂಗಲಾರದ ಉಗುಳಲಾರದ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡು ರಾಯರು ಕೋಣೆಗೆ ಮರಳಿದರು. ಒಂದು ಗೊಂಬೆಯ ಮುಂದೆ ನಿಂತರು. ಕುತ್ತಿಗೆ ಹಿಡಿದರು.

ಅಲ್ಲಿಂದ ಅವರ ಎರಡು ಬಾಳು ಶುರುವಾಯಿತು.

ಮನೆಯಲ್ಲಿ ಅವರು ಎಲೆಕ್ಟ್ರಿಷಿಯನ್. ಕೆಳಗಿನ ಮನೆಯ ಟೈಲರಮ್ಮ ಕೆಟ್ಟುಹೋದ ಇಸ್ತ್ರಿಪೆಟ್ಟಿಗೆ ತಂದುಕೊಟ್ಟಳು. ರಾಯರು ಅದನ್ನು ಗಂಭೀರವಾಗಿ ಅಲ್ಲಾಡಿಸಿ ಕಿವಿಗಿಟ್ಟುಕೊಂಡು ಕೇಳಿ, "ನಾಳೆ ಕೊಡ್ತೀನಿ," ಎಂದು ಹೇಳಿ, ತರಬೇತಿ ಕೇಂದ್ರದ ಎದುರಿನ ರಿಪೇರಿ ಅಂಗಡಿಗೆ ಗುಟ್ಟಾಗಿ ಕೊಟ್ಟು ಮಾಡಿಸಿ ತಂದರು. ಇಸ್ತ್ರಿಪೆಟ್ಟಿಗೆ ಕಾದದ್ದನ್ನು ನೋಡಿ ಟೈಲರಮ್ಮ ಊರಿಗೆಲ್ಲ ಹೇಳಿದಳು. ಮಾರನೆಯ ದಿನ ಮನೆಬಾಗಿಲಿಗೆ ಫ್ಯಾನು ಬಂತು, ಹೀಟರು ಬಂತು, ಯಾರೋ ಹಾಡದ ರೇಡಿಯೋ ತಂದರು. ರಾಯರ ಕೀರ್ತಿ ಬೆಳೆದಷ್ಟೂ ಜೇಬು ಸೊರಗಿತು. ರಿಪೇರಿ ಅಂಗಡಿಯವನು, "ಸ್ವಾಮಿ, ಇಷ್ಟೊಂದು ಸಾಮಾನು ಒಂದೇ ಮನೇಲಿ ಕೆಡುತ್ತಾ? ನಿಮ್ಮನೆ ಮೇಲೆ ಸಿಡಿಲು ಗಿಡಿಲು ಬಿತ್ತಾ?" ಎಂದು ಅನುಕಂಪದಿಂದ ವಿಚಾರಿಸಿದ.

ತರಬೇತಿಯಲ್ಲಿ ಮಾತ್ರ ಒಂದು ವಿಚಿತ್ರ ನಡೆಯಿತು. ರಾಯರಿಗೆ ಕೆಲಸ ಹಿಡಿಸಿತು. ಮಗುವಿಗೆ ಸಾಲಿನ ತಾಪತ್ರಯವಿಲ್ಲ, ಅದು ಅತ್ತಾಗ ಅದೊಂದೇ ಸಾಲು, ಅದರಲ್ಲಿ ನೀವೊಬ್ಬರೇ. ಹಾಲು ಕುಡಿಸಿ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಾಗ ಗೊಂಬೆ ತೇಗುತ್ತಿತ್ತು. ಕುತ್ತಿಗೆ ಸರಿಯಾಗಿ ಹಿಡಿದರೆ ಅಳು ನಿಲ್ಲಿಸಿ ಗುಟುರು ಗುಟುರು ಎಂದು ಸುಖದ ಸದ್ದು ಮಾಡುತ್ತಿತ್ತು. ಬದುಕಿನಲ್ಲಿ ತಮ್ಮಿಂದ ಇಷ್ಟು ಸುಖಪಟ್ಟವರನ್ನು ರಾಯರು ಅದುವರೆಗೆ ಕಂಡಿರಲಿಲ್ಲ. ಅವರಿಗೂ ಹೆಂಡತಿಗೂ ಮಕ್ಕಳಾಗಿರಲಿಲ್ಲ. ಅದರ ಬಗ್ಗೆ ಇಬ್ಬರೂ ಮಾತಾಡುವುದನ್ನು ಎಂದೋ ಬಿಟ್ಟಿದ್ದರು.

ಹೆಂಡತಿ ಮೊದಲು ಗಮನಿಸಿದ್ದು ವಾಸನೆ. ಎಲೆಕ್ಟ್ರಿಷಿಯನ್ ಮೈಯಿಂದ ಸುಟ್ಟ ವೈರಿನ ವಾಸನೆ ಬರಬೇಕು. ರಾಯರ ಮೈಯಿಂದ ಪೌಡರಿನ ವಾಸನೆ ಬರುತ್ತಿತ್ತು. ಅಂಗಿಯ ಹೆಗಲ ಮೇಲೆ ದಿನವೂ ಹಾಲಿನ ಕಲೆ. ಆಮೇಲೆ ಅವರು ಚಹದ ಪಾತ್ರೆಯ ಮುಂದೆ ನಿಂತು ಜೋ ಜೋ ಎಂದು ಗುನುಗತೊಡಗಿದರು. ಒಂದು ಬೆಳಗ್ಗೆ ಮಲಗಿದ್ದಲ್ಲೇ ದಿಂಬನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತ, "ತೇಗು ಪುಟ್ಟಾ," ಎಂದು ಕನವರಿಸಿದರು. ಕೊನೆಗೆ ಪ್ಯಾಂಟಿನ ಜೇಬಿನಿಂದ ಬೆರಳುದ್ದದ ಕಾಲುಚೀಲವೊಂದು ಬಿತ್ತು.

ಹೆಂಡತಿ ಅದನ್ನು ಹಿಡಿದುಕೊಂಡು ಕೆಳಗಿನ ಮನೆಗೆ ಇಳಿದಳು. ಟೈಲರಮ್ಮ ಕಾಲುಚೀಲವನ್ನು ಬೆಳಕಿಗೆ ಹಿಡಿದು, ಎಳೆದು, ಟೇಪಿಟ್ಟು ಅಳೆದು ತೀರ್ಪು ಕೊಟ್ಟಳು.

"ಮೂರು ತಿಂಗಳ ಮಗೂದು."

"ಮಗೂದಾ?"

"ಅಕ್ಕಾ, ಹೇಳಬಾರದು ಅಂದ್ಕೊಂಡಿದ್ದೆ. ಮೊನ್ನೆ ಪೇಟೆ ಬೀದಿಗೆ ಬಟ್ಟೆ ಕೊಡೋಕೆ ಹೋಗಿದ್ದೆ. ಒಂದು ಕಿಟಕಿಯೊಳಗೆ ಭಾವನೋರು ಕಂಡ್ರು. ಹೆಗಲ ಮೇಲೆ ಎಳೆಮಗು. ಸುತ್ತ ಹೆಂಗಸರು. ಒಬ್ಬಳು ಅವರ ಅಂಗಿ ಒರೆಸ್ತಾ ಇದ್ಲು."

"ಇವರೇನು ಮಾಡ್ತಿದ್ರು?"

"ನಗ್ತಾ ಇದ್ರಕ್ಕಾ. ಅಷ್ಟು ಚೆನ್ನಾಗಿ ನಗೋದು ನಾನು ಇಲ್ಲಿ ಯಾವತ್ತೂ ನೋಡಿಲ್ಲ."

ಹೆಂಡತಿ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತಳು. ಸಿಟ್ಟು ಬಂತು, ಅಳು ಬಂತು. ಆದರೂ ಅವಳು ನ್ಯಾಯವಂತೆ. ಗಂಡ ಯಾವ ಕೆಲಸವನ್ನೂ ಬೇಕೆಂದೇ ಮಾಡಿದವರಲ್ಲ, ಇಲ್ಲೂ ಯಾವುದೋ ಚಿಕ್ಕ ಸಾಲಿನಲ್ಲಿ ಹೋಗಿ ನಿಂತಿರಬೇಕು ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿತು. ಆದರೆ ಸಂಸಾರ ಅಂದರೆ ರಕ್ತದಾನವಲ್ಲವಲ್ಲ.

ಪರೀಕ್ಷೆಗೆ ಮುಂಚಿನ ಭಾನುವಾರ ಮೇಡಂ ಎಲ್ಲರಿಗೂ ಅಭ್ಯಾಸಕ್ಕೆಂದು ಒಂದೊಂದು ಗೊಂಬೆ ಮನೆಗೆ ಕೊಟ್ಟು ಕಳಿಸಿದರು. ಅದು ಯಾವ ಹೊತ್ತಿಗೆ ಬೇಕಾದರೂ ಅಳುತ್ತದೆ, ಎತ್ತಿ ಸಮಾಧಾನ ಮಾಡದಿದ್ದರೆ ಒಳಗಿನ ಯಂತ್ರ ಅದನ್ನು ನೆನಪಿಟ್ಟುಕೊಂಡು ಅಂಕ ಕಳೆಯುತ್ತದೆ. ರಾಯರು ಗೊಂಬೆಯನ್ನು ಕ್ಯಾನ್ವಾಸ್ ಬ್ಯಾಗಿನಲ್ಲಿ ಮಲಗಿಸಿ, ಮೇಲೊಂದು ಟವೆಲು ಮುಚ್ಚಿ, ಅದರ ಮೇಲೆ ಕಟಿಂಗ್ ಪ್ಲೇಯರು ಇಟ್ಟು ತಂದರು.

ಊಟ ಮುಗಿಸಿ ಎಲ್ಲರೂ ಕೂತಿದ್ದರು. ಮಾವನವರು ವಿದ್ಯುತ್ತಿನ ಮೇಲೆ ಪಾಠ ಮಾಡುತ್ತಿದ್ದರು. "ಅಳಿಯಂದಿರೇ, ಪ್ರವಾಹ ಎಲ್ಲಿಂದ ಎಲ್ಲಿಗೆ ಹರಿಯುತ್ತೆ?" ಎಂದು ಅವರು ಕೇಳಿದಾಗ, ಮೂಲೆಯಲ್ಲಿದ್ದ ಬ್ಯಾಗು ಕಿಟಾರನೆ ಅತ್ತಿತು.

ಮಾವನವರು ಪಾಠಕ್ಕೆಂದು ಹಿಡಿದಿದ್ದ ಕಡ್ಡಿಯನ್ನು ಎತ್ತಿದವರು ಹಾಗೇ ನಿಂತರು. "ಏನದು?"

"ಅಲಾರಂ, ಮಾವ," ಎಂದರು ರಾಯರು. "ಕರೆಂಟಿನದು. ಹೊಸ ಮಾದರಿ."

"ಮಗು ಅತ್ತ ಹಾಗೇ ಇದೆಯಲ್ರೀ."

"ಎಚ್ಚರ ಆಗ್ಲಿ ಅಂತ ಹಾಗೆ ಮಾಡಿದಾರೆ."

"ಭೇಷ್. ವಿದ್ಯುತ್ತು ಎಲ್ಲಿಗೆ ಬಂದು ಮುಟ್ಟಿದೆ ನೋಡಿದ್ಯಾ?" ಎಂದು ಮಾವನವರು ಮಗಳ ಕಡೆ ತಿರುಗಿದರು. ಮಗಳು ಬ್ಯಾಗನ್ನೇ ನೋಡುತ್ತಿದ್ದಳು. ಅಳು ಜೋರಾಯಿತು. ರಾಯರು ಬ್ಯಾಗನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ತಾರಸಿಗೆ ಓಡಿದರು. ಮೇಲಿನಿಂದ ಜೋ ಜೋ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅಳು ನಿಂತಿತು.

ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಟೈಲರಮ್ಮ ಏದುಸಿರು ಬಿಡುತ್ತ ಒಳಗೆ ಬಂದಳು. "ಅಕ್ಕಾ, ಮಗು ತಾರಸಿ ಮೇಲೇ ಇದೆ. ಬ್ಯಾಗಿಂದ ತೆಗೆದ್ರು."

ಹೆಂಡತಿ ಎದೆ ಹಿಡಿದುಕೊಂಡಳು. ಮಗು ಇದೆಯೆಂಬುದು ಒಂದು ದುಃಖ. ಅದನ್ನು ಕಟಿಂಗ್ ಪ್ಲೇಯರು ಸ್ಕ್ರೂಡ್ರೈವರಿನ ಜೊತೆ ಬ್ಯಾಗಿನಲ್ಲಿ ತುಂಬಿಕೊಂಡು ಓಡಾಡುತ್ತಾರೆಂಬುದು ಅದಕ್ಕಿಂತ ದೊಡ್ಡ ದುಃಖ. ಮೊದಲನೆಯದನ್ನು ಅವಳು ಹೇಗೋ ಸಹಿಸಿಕೊಂಡಿದ್ದಳು. ಎರಡನೆಯದು ಅವಳಿಂದಾಗಲಿಲ್ಲ.

ಅವಳು ತಾರಸಿ ಹತ್ತುವಷ್ಟರಲ್ಲಿ ರಾಯರು ಹಿಂದಿನ ಮೆಟ್ಟಿಲಿನಿಂದ ಇಳಿದು, "ಅಲಾರಂ ವಾಪಸ್ ಕೊಟ್ಟು ಬರ್ತೀನಿ," ಎಂದು ಕೂಗಿ ಬೀದಿ ಸೇರಿದ್ದರು. ಹೆಂಡತಿ ಕಣ್ಣೊರೆಸಿಕೊಂಡು ಒಳಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಮಾವನವರು ಕಡ್ಡಿಯನ್ನು ಕೆಳಗಿಟ್ಟರು. ಆಮೇಲೆ, "ಹಾಗಾದ್ರೆ ಅದು ಅಲಾರಂ ಅಲ್ಲವೇ?" ಎಂದು ಕೇಳಿದರು. ಅವರಿಗೆ ಅದೂ ಒಂದು ಪೆಟ್ಟೇ.

"ಅವರಿಗೆ ನೀವು ಏನು ಬೇಕಾದ್ರೂ ಅನ್ನಿ ಅಪ್ಪ. ಆ ಮಗು ಏನು ತಪ್ಪು ಮಾಡಿದೆ? ನಾನು ಅದನ್ನ ಮನೆಗೆ ಕರ್ಕೊಂಡು ಬರ್ತೀನಿ. ನಾನೇ ಸಾಕ್ತೀನಿ."

ಅವಳು ಕಪಾಟಿನ ಕೆಳಗಿನ ಖಾನೆಯನ್ನು ಖಾಲಿ ಮಾಡಿ ಒರೆಸಿದಳು. ಟೈಲರಮ್ಮ ಅಳುತ್ತಲೇ ಮಿಕ್ಕ ಬಟ್ಟೆಯಲ್ಲಿ ಒಂದು ಹಳದಿ ಅಂಗಿ ಹೊಲಿದಳು. ಬಟ್ಟೆ ಉಳಿದಿತ್ತು, ಒಂದು ಕುಲಾವಿಯನ್ನೂ ಹೊಲಿದಳು.

ಪರೀಕ್ಷೆಯ ದಿನ ಬಂತು. ಹೊರಗಿನಿಂದ ಬಂದಿದ್ದ ಪರೀಕ್ಷಕಿಗೆ ಅರವತ್ತರ ಮೇಲೆ ವಯಸ್ಸು, ಬೆಳ್ಳಿ ಕೂದಲು, ನಗದ ಮುಖ. ಆಕೆ ಪಾಸು ಮಾಡಿದವರಿಗಿಂತ ಅಳಿಸಿದವರೇ ಹೆಚ್ಚು ಎಂದು ಪ್ರತೀತಿ. ರಾಯರ ಸರದಿ ಬಂದಾಗ ಆಕೆ ಗೊಂಬೆಯನ್ನು ಅವರ ಕೈಗಿಟ್ಟು ಹೇಳಿದಳು:

"ಈಗಿಂದ ಇದು ಗೊಂಬೆ ಅಲ್ಲ, ಮಗು. ಹಾಲು ಕುಡಿಸಿ, ಸ್ನಾನ ಮಾಡಿಸಿ, ಬಟ್ಟೆ ಹಾಕಿ. ಏನೇ ಆಗ್ಲಿ, ಯಾರೇ ಬರ್ಲಿ, ನಾನು ಹೇಳೋ ತನಕ ಮಗೂನ ಬೇರೆಯವರ ಕೈಗೆ ಕೊಡಬಾರದು. ಕೊಟ್ರೆ ಫೇಲ್. ಕುತ್ತಿಗೆ ಬಿಟ್ರೂ ಫೇಲ್."

ರಾಯರು ಗೊಂಬೆಯ ಕುತ್ತಿಗೆ ಹಿಡಿದರು. ಇದು ಹೋದರೆ ಕೆಲಸ ಹೋಯಿತು. ಕೆಲಸ ಹೋದರೆ ಮಾವನವರ ಬಾಯಲ್ಲಿ ತಾವು ಲೇಬಲ್ಲೂ ಅಲ್ಲ, ಬರೀ ಗೋಂದು. ಅವರು ಹಾಲು ಕುಡಿಸಿದರು. ತೇಗಿಸಿದರು. ಟಬ್ಬಿನ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡಿದರು. ಪರೀಕ್ಷಕಿ ಮುಖ ಸಡಿಲಿಸದೆ ಬರೆದುಕೊಳ್ಳುತ್ತಿದ್ದಳು. ಆಗ ಬಾಗಿಲು ದಡಾರನೆ ತೆರೆಯಿತು.

ಮುಂದೆ ಹೆಂಡತಿ, ಕೈಯಲ್ಲಿ ಹಳದಿ ಅಂಗಿ ಮತ್ತು ಕುಲಾವಿ. ಹಿಂದೆ ಮಾವನವರು, ಕೈಯಲ್ಲಿ ಛತ್ರಿ. ಅವರ ಹಿಂದೆ, ತಾನು ಕಂಡಿದ್ದ ಕಿಟಕಿಗೆ ದಾರಿ ತೋರಿಸಿದ ಟೈಲರಮ್ಮ, ಕೊರಳಲ್ಲಿ ಟೇಪು.

"ಕೊಡ್ರೀ ಮಗೂನ," ಎಂದಳು ಹೆಂಡತಿ.

ರಾಯರು ಕಲ್ಲಾದರು. ಆದರೆ ಎಡಗೈ ತಾನಾಗಿ ಗೊಂಬೆಯ ಕುತ್ತಿಗೆಯ ಕೆಳಗೆ ಹೋಯಿತು. "ಕೊಡಲ್ಲ."

"ನನಗೆಲ್ಲಾ ಗೊತ್ತಾಗಿದೆ. ನಾನೇನೂ ಅನ್ನಲ್ಲ. ಕೊಡಿ, ನಾನು ಸಾಕ್ತೀನಿ."

"ನೀನು ಬೇರೆಯವಳು ಕಣೇ. ನಿನ್ನ ಕೈಗೆ ಕೊಟ್ರೆ ನನ್ನ ಕಥೆ ಮುಗೀತು."

ಹೆಂಡತಿಯ ಕಣ್ಣಿನಿಂದ ನೀರು ದಳದಳನೆ ಇಳಿಯಿತು. "ನಾನು ಬೇರೆಯವಳಾ?"

"ಇವತ್ತೊಂದು ದಿನ ಬೇರೆಯವಳು. ನಾಳೆಯಿಂದ ಮತ್ತೆ ನಮ್ಮವಳು," ಎಂದು ರಾಯರು ಸಮಾಧಾನ ಮಾಡಲು ನೋಡಿದರು. ಅದರಿಂದ ಬೆಂಕಿಗೆ ತುಪ್ಪ ಸುರಿದಂತಾಯಿತು. ಮಾವನವರು ಛತ್ರಿ ಎತ್ತಿದರು.

"ಅಳಿಯಂದಿರೇ, ಮುಚ್ಚುಮರೆ ಸಾಕು. ಈ ಮಗುವಿಗೆ ಸಂಬಂಧಪಟ್ಟವಳು ಯಾರು? ನನ್ನ ಮುಂದೆ ಬರಲಿ."

ಪರೀಕ್ಷಕಿ ಕುರ್ಚಿಯಿಂದ ಎದ್ದು ನಿಂತಳು. "ನಾನೇ. ಈ ಮಗುವಿನ ಜವಾಬ್ದಾರಿ ಪೂರ್ತಿ ನಂದು."

ಮಾವನವರು ಆಕೆಯ ಬೆಳ್ಳಿ ಕೂದಲನ್ನು ನೋಡಿದರು. ದಪ್ಪ ಕನ್ನಡಕ ನೋಡಿದರು. ಅಳಿಯನ ಕಡೆ ತಿರುಗಿದರು.

"ಅಳಿಯಂದಿರೇ, ವಯಸ್ಸಾದ್ರೂ ನೋಡಬೇಡವೇ?"

"ಯಾರಿವರು?" ಎಂದಳು ಪರೀಕ್ಷಕಿ.

"ನನ್ನ ಹೆಂಡತಿ, ಮೇಡಂ. ಇವರು ಮಾವ," ಎಂದರು ರಾಯರು.

"ನೋಡಿದ್ರಾ, ಪರಿಚಯಾನೂ ಮಾಡಿಸ್ತಾರೆ," ಎಂದು ಟೈಲರಮ್ಮ ಗೋಡೆಗೊರಗಿದಳು.

ಅಷ್ಟರಲ್ಲಿ ಗದ್ದಲಕ್ಕೆ ಗೊಂಬೆ ಎಚ್ಚೆತ್ತು ಅಳತೊಡಗಿತು. ಆ ಅಳು ಕೇಳಿದ್ದೇ ಹೆಂಡತಿಗೆ ತಡೆಯಲಾಗಲಿಲ್ಲ, ಕೈ ಚಾಚಿಕೊಂಡು ಮುನ್ನುಗ್ಗಿದಳು. ಮಾವನವರು ಛತ್ರಿಯ ಹಿಡಿಯನ್ನು ಅಳಿಯನ ತೋಳಿಗೆ ಸಿಕ್ಕಿಸಿ ಎಳೆದರು. ರಾಯರು ಎರಡು ಹೆಜ್ಜೆ ಹಿಂದಿಟ್ಟರು. ಮೂರನೆಯ ಹೆಜ್ಜೆಯಿಡಲು ನೆಲ ಇರಲಿಲ್ಲ, ಟಬ್ಬು ಇತ್ತು. ಧಡಾರನೆ ಅದರೊಳಗೆ ಕೂತರು. ನೀರು ಮಾವನವರ ಮೀಸೆಯವರೆಗೆ ಹಾರಿತು. ರಾಯರ ಕನ್ನಡಕ ಒಂದು ಕಡೆ ಬಿತ್ತು, ಚಪ್ಪಲಿ ಒಂದು ಕಡೆ. ಟಬ್ಬಿನಿಂದ ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮತ್ತು ಮೇಲೆತ್ತಿದ ಎರಡು ಕೈ. ಒಂದು ಕೈ ಮಗುವಿನ ಬೆನ್ನ ಕೆಳಗೆ, ಇನ್ನೊಂದು ಕುತ್ತಿಗೆಯ ಕೆಳಗೆ. ಗೊಂಬೆಯ ಮೇಲೆ ಒಂದು ಹನಿ ನೀರು ಬಿದ್ದಿರಲಿಲ್ಲ.

ಗೊಂಬೆ ಅಳು ನಿಲ್ಲಿಸಿ ಗುಟುರು ಗುಟುರು ಎಂದಿತು.

ಹೆಂಡತಿ ಬಗ್ಗಿ ನೋಡಿದಳು. ಬಣ್ಣ ಬಳಿದ ಕಣ್ಣು. ರಬ್ಬರಿನ ಮೂಗು. ಬೆನ್ನ ಮೇಲೆ ಬ್ಯಾಟರಿಯ ಮುಚ್ಚಳ.

"ಗೊಂಬೆ," ಎಂದಳು.

"ಪರೀಕ್ಷೆ ಕಣೇ," ಎಂದರು ರಾಯರು ಟಬ್ಬಿನಿಂದ. "ಶಿಶುಪಾಲನೆ. ಸಾಲು ಚಿಕ್ಕದಿತ್ತು."

ಅಷ್ಟು ಮಾತು ಸಾಕಾಯಿತು. ಇಷ್ಟು ವರ್ಷ ಜೊತೆಗೆ ಬಾಳಿದವಳಿಗೆ ಉಳಿದದ್ದೆಲ್ಲ ತಾನಾಗಿ ಅರ್ಥವಾಯಿತು. ಅವಳಿಗೆ ಮೊದಲು ನಗು ಬಂತು, ಎಷ್ಟು ನಗು ಬಂತೆಂದರೆ ಕಿಟಕಿ ಹಿಡಿದುಕೊಂಡು ನಿಂತಳು. ಆಮೇಲೆ ಕೈಯಲ್ಲಿದ್ದ ಹಳದಿ ಅಂಗಿಯ ಕಡೆ ನೋಡಿದಳು. ನಗು ಮೆಲ್ಲಗೆ ನಿಂತಿತು.

"ಹಾಗಾದ್ರೆ ಮಗು ಇಲ್ವಾ?" ಎಂದಳು.

ರಾಯರು ಆ ಹಳದಿ ಅಂಗಿಯನ್ನು ನೋಡಿದರು. ತಾವು ಇನ್ನೊಂದು ಸಂಸಾರ ಮಾಡಿಕೊಂಡಿದ್ದೇವೆಂದು ನಂಬಿದವಳು, ಬೈಯಲು ಬರದೆ ಅಂಗಿ ಹೊಲಿಸಿಕೊಂಡು ಬಂದಿದ್ದಾಳೆ. ಇವಳನ್ನು ಮದುವೆಯಾಗುವಾಗ ಮಾತ್ರ ನಾನು ಸರಿಯಾದ ಸಾಲಿನಲ್ಲಿ ನಿಂತಿದ್ದೆ ಎಂದು ರಾಯರು ಅಂದುಕೊಂಡರು.

ಪರೀಕ್ಷಕಿ ಗಂಟಲು ಸರಿಮಾಡಿಕೊಂಡಳು. "ಬಟ್ಟೆ ಹಾಕೋದಕ್ಕೂ ಅಂಕ ಇದೆ. ಆ ಅಂಗಿ ಕೊಡಮ್ಮ ಅವರಿಗೆ. ಅವರೇ ಹಾಕಬೇಕು, ನೀವು ಮುಟ್ಟಬಾರದು."

ರಾಯರು ಟಬ್ಬಿನಲ್ಲಿ ಕೂತೇ ಗೊಂಬೆಗೆ ಹಳದಿ ಅಂಗಿ ಹಾಕಿದರು. ಕುಲಾವಿ ಕಟ್ಟಿದರು. ಎರಡೂ ಅಳತೆ ಕೊಟ್ಟು ಹೊಲಿಸಿದಂತೆ ಕೂತವು. ಟೈಲರಮ್ಮ ಟೇಪು ಸವರಿಕೊಂಡು, "ಮೂರು ತಿಂಗಳು ಅಂದಿದ್ನಲ್ಲ," ಎಂದಳು.

ಪರೀಕ್ಷಕಿ ಬರೆಯುವುದನ್ನು ಮುಗಿಸಿ ಪೆನ್ನಿಗೆ ಮುಚ್ಚಳ ಹಾಕಿದಳು. "ಇಷ್ಟು ವರ್ಷ ಪರೀಕ್ಷೆ ಮಾಡಿದೀನಿ. ಹೆಂಡತಿ ಅತ್ತಳು, ಮಾವ ಎಳೆದ್ರು, ಇವರು ನೀರಲ್ಲಿ ಬಿದ್ರು. ಆದ್ರೂ ಕುತ್ತಿಗೆ ಬಿಡದೇ ಇದ್ದವರು ಇವರೊಬ್ಬರೇ. ಪಾಸ್. ಇನ್ನು ಯಾರಾದರೂ ಅವರನ್ನ ಎತ್ತಿ."

ಎತ್ತುವಾಗ ಮಾವನವರೂ ಒಂದು ಕೈ ಹಾಕಿದರು. ಬೀದಿಯಲ್ಲಿ ಏನು ಹೇಳಬೇಕೆಂಬ ಚಿಂತೆ ಅವರನ್ನು ಗೇಟಿನವರೆಗೆ ಕಾಡಿತು, ಗೇಟು ದಾಟುವಷ್ಟರಲ್ಲಿ ಬಗೆಹರಿಯಿತು. ಎದುರಾದ ಮೊದಲ ಪರಿಚಯಸ್ಥನಿಗೆ ಅವರು, "ಎಂಜಿನಿಯರ್‌ಗಳು ಬೀದಿಗೊಬ್ಬರು ಸಿಗ್ತಾರೆ. ನನ್ನ ಅಳಿಯಂದಿರು ಎಂಜಿನಿಯರ್‌ಗಳನ್ನೇ ಬೆಳೆಸೋ ವಿದ್ಯೆ ಕಲಿತಿದಾರೆ," ಎಂದರು. ಅಳಿಯನ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿದ್ದುದಕ್ಕೆ ಅವರು ಯಾವ ವಿವರಣೆಯನ್ನೂ ಕೊಡಲಿಲ್ಲ.

ಕಾರ್ಖಾನೆಯ ಮ್ಯಾನೇಜರು ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಎಲೆಕ್ಟ್ರಿಷಿಯನ್ ಸರ್ಟಿಫಿಕೇಟು ಹಿಡಿದು ಬಂದವರ ಸಾಲು ಅವರ ಕೋಣೆಯಿಂದ ಗೇಟಿನವರೆಗೆ ಇತ್ತು, ಕಾರ್ಖಾನೆಯಲ್ಲಿ ಅಷ್ಟು ಬಲ್ಬುಗಳೂ ಇರಲಿಲ್ಲ. ಆದರೆ ಕೆಲಸದ ಹೆಂಗಸರ ಎಳೆಮಕ್ಕಳಿಗೆಂದು ಕಟ್ಟಿಸಿದ ಕೋಣೆಯೊಂದು ನೋಡಿಕೊಳ್ಳುವವರಿಲ್ಲದೆ ಹಳೆಯ ಪೆಟ್ಟಿಗೆಗಳಿಂದ ತುಂಬಿತ್ತು. ಪೆಟ್ಟಿಗೆಗಳು ಹೊರಗೆ ಹೋದವು, ರಾಯರು ಒಳಗೆ ಹೋದರು. ಈಗ ಅಲ್ಲಿ ಸಾಲಾಗಿ ತೊಟ್ಟಿಲುಗಳಿವೆ. ಒಂದೊಂದು ಹಾಲಿನ ಬಾಟಲಿಯ ಮೇಲೂ ಒಂದೊಂದು ಮಗುವಿನ ಹೆಸರಿನ ಲೇಬಲ್ಲು, ಯಾವುದೂ ಸೊಟ್ಟಗಿಲ್ಲ. ಹೆಂಡತಿ ಮಧ್ಯಾಹ್ನ ಊಟದ ಡಬ್ಬಿ ತಂದವಳು ಸಂಜೆಯವರೆಗೂ ಹಿಂದಿರುಗುವುದಿಲ್ಲ. ಡಬ್ಬಿ ತೊಳೆಯಲು ಇಷ್ಟು ಹೊತ್ತು ಯಾಕೆ ಎಂದು ಮಾವನವರು ಕೇಳುವುದನ್ನು ಬಿಟ್ಟಿದ್ದಾರೆ.

ಉಳಿದದ್ದು ವಿಶ್ವವಿದ್ಯಾಲಯ. ಸರ್ಟಿಫಿಕೇಟು ಇದ್ದವರಿಗೆ ಅಲ್ಲಿ ಸಂಜೆ ತರಗತಿಗೆ ಸೀಟು ಉಂಟೆಂಬುದು ನಿಜವೇ ಆಗಿತ್ತು, ಮಾವನವರು ಪೇಪರನ್ನು ಸರಿಯಾಗಿಯೇ ಓದಿದ್ದರು. ಎಳೆಯ ಮಕ್ಕಳ ಬೆಳವಣಿಗೆಯ ಮೇಲೆ ಪದವಿಯೇ ಇದೆಯೆಂದು ಪರೀಕ್ಷಕಿ ಹೇಳಿ ಕಳಿಸಿದ್ದಳು. ಅರ್ಜಿ ಕೊಡುವ ದಿನ ಹೆಂಡತಿ, "ನಾನೂ ಬರ್ತೀನಿ," ಎಂದು ಹಟ ಹಿಡಿದು ಜೊತೆಗೆ ಹೊರಟಳು.

ಸಂಜೆ ತರಗತಿಯ ಸಾಲು ಕಂಬಗಳನ್ನೆಲ್ಲ ಸುತ್ತಿಕೊಂಡು ಹುಲ್ಲುಹಾಸಿನವರೆಗೆ ಬಂದಿತ್ತು. ಇಬ್ಬರೂ ಕೊನೆಯಲ್ಲಿ ನಿಂತರು. ಸಾಲು ಅಲ್ಲಾಡಲಿಲ್ಲ. ರಾಯರು ಕಾಲು ಬದಲಾಯಿಸಿದರು, ಬೆವರು ಒರೆಸಿಕೊಂಡರು. ಆಗ ಪಕ್ಕದ ಕಿಟಕಿ ಅವರ ಕಣ್ಣಿಗೆ ಬಿತ್ತು. ಅದರ ಮುಂದೆ ಇಬ್ಬರೇ ಇದ್ದರು. ಅವರ ತಲೆ ತಾನಾಗಿ ಆ ಕಡೆ ತಿರುಗಿತು. ಒಂದು ಕಾಲು ಹೊರಗೆ ಬಂತು.

ಹೆಂಡತಿ ಆ ಕಿಟಕಿಯ ಮೇಲಿನ ಬೋರ್ಡು ಓದಿದಳು. ಪ್ರಾಧ್ಯಾಪಕರ ಹುದ್ದೆಗೆ ಅರ್ಜಿ ಎಂದು ಬರೆದಿತ್ತು. ಅವಳು ಕೈಚೀಲವನ್ನು ಎಡಗೈಗೆ ಬದಲಾಯಿಸಿ, ಬಲಗೈಯ ಅಂಗೈಯನ್ನು ಗಂಡನ ಕುತ್ತಿಗೆಯ ಹಿಂದೆ ಇಟ್ಟು, ತಲೆಯನ್ನು ಮೆಲ್ಲಗೆ ನೇರಕ್ಕೆ ತಿರುಗಿಸಿದಳು.

"ಏನೇ ಇದು? ಜನ ನೋಡ್ತಾರೆ."

"ನೋಡ್ಲಿ," ಎಂದಳು. "ಮೊದಲು ಕುತ್ತಿಗೆ."

ರಾಯರು ಹೊರಗಿಟ್ಟ ಕಾಲನ್ನು ಒಳಗೆ ತಂದುಕೊಂಡರು. ಸಾಲು ಒಂದು ಹೆಜ್ಜೆ ಮುಂದೆ ಹೋಯಿತು. ಅವಳು ಕೈ ತೆಗೆಯಲಿಲ್ಲ.